ಕ್ಲಾಸಿನಲ್ಲಿ ಒಂದು ವಿಷಯ, ಹಾಲ್ ಟಿಕೆಟ್‌ನಲ್ಲಿ ಇನ್ನೊಂದು

ಡಿಗ್ರಿ ಮೊದಲ ವರ್ಷಕ್ಕೆ ಸೇರುತ್ತಿರುವವರು, ಸೇರುವ ಮಕ್ಕಳು ಮನೆಯಲ್ಲಿರುವವರು ದಯವಿಟ್ಟು ಓದಿ. ಮೂರೇ ಮೂರು ಕ್ರೆಡಿಟ್‌ನ ಒಂದು ಪೇಪರ್ ನನ್ನನ್ನು ಮೊದಲನೇ ಸೆಮಿಸ್ಟರ್‌ನಿಂದ ಐದನೇ ಸೆಮಿಸ್ಟರ್‌ವರೆಗೆ ಬಿಡದೆ ಕಾಡಿತು. ಕಾಲೇಜಿನ ಹೆಸರು ಹೇಳುವುದಿಲ್ಲ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕಾಲೇಜು ಅಂತಿಟ್ಟುಕೊಳ್ಳಿ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ ಇರುವಾಗ ಹೆಸರು ಹಿಡಿದು ಬೈಯುವುದರಲ್ಲಿ ಅರ್ಥವೂ ಇಲ್ಲ.

ನಮ್ಮದು 2021ರ ಬ್ಯಾಚ್. ಕೋವಿಡ್ ಅಂತ ಸೆಕೆಂಡ್ ಪಿಯುಸಿ ಪರೀಕ್ಷೆಯೇ ನಡೆಯದೆ, ಎಸ್ಸೆಸ್ಸೆಲ್ಸಿ ಮತ್ತು ಫಸ್ಟ್ ಪಿಯುಸಿ ಅಂಕ ನೋಡಿ ಎಲ್ಲರನ್ನೂ ಪಾಸು ಮಾಡಿದ ವರ್ಷ. ಊರಲ್ಲಿ 'ಕೊರೊನಾ ಪಾಸ್' ಅಂತ ನಗುತ್ತಿದ್ದರು. ಅದೇ ವರ್ಷ ಕರ್ನಾಟಕ ಇಡೀ ದೇಶಕ್ಕಿಂತ ಮೊದಲು ಡಿಗ್ರಿ ಕಾಲೇಜುಗಳಿಗೆ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ತಂದಿತು. ಕಾರಿಡಾರಿನ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದರು: ಡಿಎಸ್‌ಸಿ, ಓಇ, ಎಸ್‌ಇಸಿ, ಎಇಸಿಸಿ. ಅಕ್ಷರಗಳೇ ಅಕ್ಷರಗಳು. ಸೀನಿಯರ್‌ಗಳನ್ನು ಕೇಳೋಣ ಅಂದರೆ ಅವರು ಹಳೇ ಸ್ಕೀಮಿನವರು, ನಮ್ಮಷ್ಟೇ ಕಣ್ಣು ಬಿಡುತ್ತಿದ್ದರು. ಡಿಎಸ್‌ಸಿ ಅಂದರೆ ನಾವು ಓದಲು ಬಂದ ಮುಖ್ಯ ವಿಷಯಗಳು. ನನಗೆ ಇತಿಹಾಸ, ಅರ್ಥಶಾಸ್ತ್ರ. ಓಇ ಅಂದರೆ ಓಪನ್ ಎಲೆಕ್ಟಿವ್, ನಮ್ಮ ವಿಷಯ ಬಿಟ್ಟು ಬೇರೆ ವಿಭಾಗದ ಒಂದು ಪೇಪರ್. ಮೊದಲ ನಾಲ್ಕು ಸೆಮಿಸ್ಟರ್‌ಗೂ ಒಂದೊಂದು, 100 ಅಂಕಕ್ಕೆ. ಅದರಲ್ಲಿ 60 ಪರೀಕ್ಷೆಗೆ, 40 ಇಂಟರ್ನಲ್‌ಗೆ, ಅಂದರೆ ಕಾಲೇಜಿನಲ್ಲೇ ನಡೆಯುವ ಟೆಸ್ಟ್, ಅಸೈನ್‌ಮೆಂಟ್‌ಗೆ. ಈ ನಲವತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅರ್ಜಿ ತುಂಬಿದ್ದು ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಅಂಗಡಿಯಲ್ಲಿ. ಮಾನಿಟರ್ ಅಂಗಡಿಯಣ್ಣನ ಕಡೆ ತಿರುಗಿತ್ತು. ನಾನು ಕೌಂಟರಿನ ಈಚೆ ಮಾರ್ಕ್ಸ್ ಕಾರ್ಡ್ ಕವರ್ ಹಿಡಿದು ನಿಂತಿದ್ದೆ, ಹಿಂದೆ ಹತ್ತು ಹನ್ನೆರಡು ಜನ. "ಓಪನ್ ಎಲೆಕ್ಟಿವ್ ಯಾವ್ದಮ್ಮ?" ಅಂದ. ಅದು ಅಷ್ಟು ದೊಡ್ಡ ಪ್ರಶ್ನೆ ಅಂತ ನನಗೆ ಗೊತ್ತೇ ಇರಲಿಲ್ಲ. "ಎಲ್ರೂ ಏನ್ ತಗೊಂಡಿದಾರೆ?" ಅಂದೆ. "ಬೆಳಿಗ್ಗಿಂದ ಎಲ್ಲಾ ಅಕೌಂಟಿಂಗೇ ಹಾಕ್ತಾ ಇದೀನಿ." "ಅದನ್ನೇ ಹಾಕಿ ಅಣ್ಣ." ಟಕ್ ಅಂತ ಒಂದು ಕ್ಲಿಕ್. ಐವತ್ತು ರೂಪಾಯಿ ಕೊಟ್ಟು ಬಸ್ಸು ಹತ್ತಿದೆ.

ಆ ಪೇಪರಿನ ಪೂರ್ತಿ ಹೆಸರು 'ಅಕೌಂಟಿಂಗ್ ಫಾರ್ ಎವರಿಒನ್'. ಆ ಎವರಿಒನ್‌ನಲ್ಲಿ ನಾನಿಲ್ಲ ಅಂತ ಎರಡನೇ ಕ್ಲಾಸಿಗೇ ಗೊತ್ತಾಯಿತು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಆರ್ಟ್ಸ್ ಓದಿದವಳು. ಬೋರ್ಡಿನ ಮೇಲೆ ಡೆಬಿಟ್, ಕ್ರೆಡಿಟ್, ಜರ್ನಲ್ ಎಂಟ್ರಿ. ಪಾಠ ಇಂಗ್ಲಿಷಿನಲ್ಲಿ. ಎಲ್ಲರೂ ಅದನ್ನೇ ಹಾಕಿದ್ದರಿಂದ ದೊಡ್ಡ ಹಾಲಿನಲ್ಲಿ ನೂರಕ್ಕೂ ಹೆಚ್ಚು ಜನ, ಹಿಂದಿನ ಬೆಂಚಿಗೆ ಮೇಷ್ಟ್ರ ದನಿಯೇ ಕೇಳುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಸಂಬಳ ನೋಡಿದರೆ ಅವರ ಹೋರಾಟ ನ್ಯಾಯವಾದದ್ದೇ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಅಕೌಂಟಿಂಗ್ ಮೇಷ್ಟ್ರೂ ಅತಿಥಿ ಉಪನ್ಯಾಸಕರೇ. ಸಂಕ್ರಾಂತಿ ಕಳೆಯುವವರೆಗೆ ಆ ಕ್ಲಾಸು ನಡೆಯಲೇ ಇಲ್ಲ.

ಅದೇ ಹೊತ್ತಿನಲ್ಲಿ ಪಕ್ಕದ ರೂಮಿನಲ್ಲಿ ರಾಜ್ಯಶಾಸ್ತ್ರದವರ ಓಇ 'ಮಾನವ ಹಕ್ಕುಗಳು' ನಡೆಯುತ್ತಿತ್ತು. ಮೂವತ್ತು ಚಿಲ್ಲರೆ ಜನ, ಕನ್ನಡದಲ್ಲಿ ಪಾಠ. ಗೆಳತಿಯ ಜೊತೆ ಒಂದು ದಿನ ಹೋಗಿ ಕೂತೆ. 1948ರ ಡಿಸೆಂಬರ್ 10ರ ವಿಶ್ವಸಂಸ್ಥೆಯ ಘೋಷಣೆಯಿಂದ ಹಿಡಿದು 1993ರಲ್ಲಿ ನಮ್ಮಲ್ಲಿ ಬಂದ ಕಾಯ್ದೆಯವರೆಗೆ ಮೇಡಮ್ ಕತೆ ಹೇಳಿದ ಹಾಗೆ ಹೇಳಿದರು. ಇತಿಹಾಸ ಓದುವವಳಿಗೆ ಇನ್ನೇನು ಬೇಕು? ಬದಲಾಯಿಸಿಕೊಳ್ಳಬಹುದಾ ಅಂತ ಕೇಳಿದೆ. "ಅದಕ್ಕೇನು, ಜಾಗ ಇದೆ, ಬಂದು ಕೂತ್ಕೋ. ಆಫೀಸಿಗೆ ಒಂದು ಲೆಟರ್ ಕೊಟ್ಟುಬಿಡು" ಅಂದರು. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟೆ. ಗುಮಾಸ್ತರು ಅದನ್ನು ಒಂದು ಫೈಲಿನ ಕೆಳಗೆ ಸೇರಿಸಿ "ಆಯ್ತು ಹೋಗಮ್ಮ" ಅಂದರು. ಸೀಲಿಲ್ಲ, ಸಹಿಯಿಲ್ಲ, ನನ್ನ ಹತ್ತಿರ ಅದರ ಪ್ರತಿಯೂ ಇಲ್ಲ.

ಮುಂದೆ ಎರಡು ತಿಂಗಳು ಮಾನವ ಹಕ್ಕುಗಳ ಕ್ಲಾಸಿನಲ್ಲೇ ಕೂತೆ. ಟೆಸ್ಟ್ ಬರೆದೆ, ಅಸೈನ್‌ಮೆಂಟ್ ಕೊಟ್ಟೆ. ಹಾಜರಿ ಕರೆಯುವಾಗ ನನ್ನ ಹೆಸರು ಪಟ್ಟಿಯ ಕೊನೆಗೆ ಪೆನ್ಸಿಲ್‌ನಲ್ಲಿ ಸೇರಿಸಿದ್ದು ಕಾಣುತ್ತಿತ್ತು. ಆ ಪೆನ್ಸಿಲ್ ನೋಡಿಯಾದರೂ ಎಚ್ಚರ ಆಗಬೇಕಿತ್ತು. ಇಂಟರ್ನಲ್‌ನಲ್ಲಿ 40ಕ್ಕೆ 36 ಅಂತ ಮೇಡಮ್ ಹೇಳಿದಾಗ ಮನೆಗೆ ಹೋಗಿ ಅಮ್ಮನಿಗೆ ಹೇಳಿ ಹಿಗ್ಗಿದ್ದೇ ಹಿಗ್ಗಿದ್ದು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಹಾಲ್ ಟಿಕೆಟ್ ಕೈಗೆ ಬಂತು. ಓಪನ್ ಎಲೆಕ್ಟಿವ್ ಅಂತ ಇರುವ ಸಾಲಿನಲ್ಲಿ: ಅಕೌಂಟಿಂಗ್ ಫಾರ್ ಎವರಿಒನ್.

ಆಫೀಸಿಗೆ ಓಡಿದೆ. ಪೋರ್ಟಲ್‌ನಲ್ಲಿ ವಿಷಯ ಬದಲಿಸುವ ಅವಧಿ ಮುಗಿದು ತಿಂಗಳುಗಳೇ ಆಗಿವೆ, ಈಗ ವಿಶ್ವವಿದ್ಯಾಲಯದವರೂ ಮಾಡಿಕೊಡಲ್ಲ ಅಂದರು. ನನ್ನ ಲೆಟರ್? ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದರೂ ಅಷ್ಟೇ, ಅದನ್ನು ನೋಡಿ ಯಾರೂ ಕಂಪ್ಯೂಟರ್ ಮುಟ್ಟಿರಲಿಲ್ಲ. ಎಕ್ಸಾಮ್ ಅರ್ಜಿ ಹಾಕುವಾಗ ವಿಷಯಗಳ ಪಟ್ಟಿ ನನ್ನ ಕಣ್ಣೆದುರೇ ಬಂದಿತ್ತು, ಅದನ್ನೂ ಅದೇ ಸೈಬರ್ ಅಂಗಡಿಯಲ್ಲಿ, ಅದೇ ಅವಸರದಲ್ಲಿ ಓಕೆ ಮಾಡಿಸಿದ್ದೆ. ಮೇಡಮ್ ಪಾಪ, ಒಳ್ಳೆಯ ಮನಸ್ಸಿನಿಂದ ಕೂತ್ಕೋ ಅಂದವರು, ನನ್ನ ಮುಖ ನೋಡಿ ಅವರ ಕಣ್ಣಲ್ಲೇ ನೀರು ಬಂತು. ಅದರಿಂದ ಹಾಲ್ ಟಿಕೆಟ್ ಬದಲಾಗಲಿಲ್ಲ.

ನಾಲ್ಕು ದಿನದಲ್ಲಿ ಎಷ್ಟು ಅಕೌಂಟಿಂಗ್ ಕಲಿಯಬಹುದು? ಥಿಯರಿ ಪ್ರಶ್ನೆಗಳಿಗೆ ಏನೋ ತುಂಬಿಸಿದೆ. ಲೆಕ್ಕದ ಪ್ರಶ್ನೆಯಲ್ಲಿ ಎಡಗಡೆಯ ಮೊತ್ತಕ್ಕೂ ಬಲಗಡೆಯದಕ್ಕೂ ತಾಳೆಯಾಗಲಿಲ್ಲ, ಮೂರು ಸಲ ಹೊಡೆದು ಹಾಕಿ ನಾಲ್ಕನೇ ಸಲ ಹಾಗೇ ಬಿಟ್ಟೆ. ಬಂದಿದ್ದು 60ಕ್ಕೆ 17. ನಮ್ಮಲ್ಲಿ ಪಾಸಾಗಲು ಪರೀಕ್ಷೆಯಲ್ಲಿ ಕನಿಷ್ಠ 21 ಬೇಕು, ಇಂಟರ್ನಲ್ ಸೇರಿಸಿ ಒಟ್ಟು 40 ಬೇಕು. ಇಂಟರ್ನಲ್ ಎಷ್ಟಿತ್ತು ಗೊತ್ತಾ? ಸೊನ್ನೆ. ಅಕೌಂಟಿಂಗ್‌ನ ಟೆಸ್ಟ್ ನಾನು ಬರೆದೇ ಇರಲಿಲ್ಲವಲ್ಲ. ಮಾನವ ಹಕ್ಕುಗಳ ಪಟ್ಟಿಯಲ್ಲಿ ಅಂಕ ತುಂಬೋಣ ಅಂದರೆ ಅಲ್ಲಿ ನನ್ನ ಹೆಸರೇ ಇಲ್ಲ. ಆ 36 ಗಾಳಿಗೆ ಹೋಯಿತು.

ಇಲ್ಲಿಂದ ಮುಂದಿನ ಲೆಕ್ಕ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಇಂಟರ್ನಲ್ ಅಂಕ ಮಾತ್ರ ಹಾಗೇ ಉಳಿಯುತ್ತೆ ಅಂದರು. ಸೊನ್ನೆ ಇಂಟರ್ನಲ್ ಇಟ್ಟುಕೊಂಡು ಒಟ್ಟು 40 ಆಗಬೇಕಾದರೆ ಪರೀಕ್ಷೆಯೊಂದರಲ್ಲೇ 60ಕ್ಕೆ 40 ತೆಗೆಯಬೇಕು. ಉಳಿದವರಿಗೆ 21 ಬಂದರೆ ಸಾಕಾದದ್ದು ನನಗೆ 40. ಮೊದಲ ಸೆಮಿಸ್ಟರ್‌ನ ಬಾಕಿ ಪೇಪರ್ ಮತ್ತೆ ಬರುವುದು ಮುಂದಿನ ವರ್ಷ, ಮೂರನೇ ಸೆಮಿಸ್ಟರ್ ಪರೀಕ್ಷೆಯ ಜೊತೆಗೆ. ಆಗ 33 ಬಂತು. ಬೇರೆಯವರಾಗಿದ್ದರೆ ಪಾಸು, ನಾನು ಮತ್ತೆ ಫೇಲು. ಇನ್ನೊಂದು ವರ್ಷ ಕಾದು ಐದನೇ ಸೆಮಿಸ್ಟರ್ ಜೊತೆ ಬರೆದೆ. 43. ಆ ನಡುವೆ ಕಾಲೇಜಿಗೆ ಒಂದು ಖಾಸಗಿ ಕಂಪನಿಯವರು ಕೆಲಸಕ್ಕೆ ಆರಿಸಲು ಬಂದಿದ್ದರು. ಬ್ಯಾಕ್‌ಲಾಗ್ ಇರುವವರು ಈ ಕಡೆ ನಿಲ್ಲಿ ಅಂದರು. ಈ ಕಡೆ ನಿಂತವರನ್ನು ಆಮೇಲೆ ಯಾರೂ ಕರೆಯಲಿಲ್ಲ. ಇತಿಹಾಸದಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗನಿಗೂ ಒಂದು ಎಲೆಕ್ಟಿವ್ ಬಾಕಿ ಉಳಿದಿತ್ತು. ಎಲ್ಲವನ್ನೂ ಮೊದಲ ಸಲಕ್ಕೇ ಪಾಸಾದವರಿಗೆ ಮಾತ್ರ ರ‍್ಯಾಂಕ್ ಅಂತ ಅವನಿಗೆ ಗೊತ್ತಾಗಿದ್ದು ಕೊನೇ ವರ್ಷದಲ್ಲಿ.

ಒಂದು ಮಾತು ಹೇಳಲೇಬೇಕು. ಅಕೌಂಟಿಂಗ್ ಕೆಟ್ಟ ವಿಷಯವೇನಲ್ಲ. ಮೂರನೇ ಸಲ ಓದುವಾಗ ನನಗೆ ಅದು ತಲೆಗೆ ಹತ್ತಿದ್ದು ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕದಿಂದ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಯಾರ ಸಾಲ ಎಷ್ಟು ಬಾಕಿ, ಬಡ್ಡಿ ಎಷ್ಟು ಬಂತು. ಅಮ್ಮ ಓದಿದ್ದು ಏಳನೇ ಕ್ಲಾಸು, ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೆ ರಾತ್ರಿ ಮಲಗುವುದಿಲ್ಲ. ಅಡುಗೆಮನೆಯಲ್ಲಿ ಕೂತು ಆ ಪುಸ್ತಕ ತೋರಿಸಿದ ಮೇಲೆ ಜರ್ನಲ್ ಎಂಟ್ರಿ ಅಂದರೇನು ಅಂತ ಹೊಳೆಯಿತು. ಹಾಗಾಗಿ 'ಅಕೌಂಟಿಂಗ್ ತಗೋಬೇಡಿ' ಅಂತ ಇದನ್ನು ಓದಿಕೊಳ್ಳಬೇಡಿ. ಯಾವುದನ್ನು ತಗೊಂಡರೂ ಅದರ ಸಿಲಬಸ್ ಪಿಡಿಎಫ್ ಒಮ್ಮೆ ತೆರೆದು ನೋಡಿ, ಎರಡು ಪುಟವೂ ಇರಲ್ಲ. ಯಾರು ಪಾಠ ಮಾಡುತ್ತಾರೆ, ಯಾವ ಭಾಷೆಯಲ್ಲಿ, ಎಷ್ಟು ಜನರ ಕ್ಲಾಸು ಅಂತ ಆ ವಿಭಾಗಕ್ಕೇ ಹೋಗಿ ಕೇಳಿ. ನಾಚಿಕೆ ಬೇಡ. 'ಸ್ಕೋರಿಂಗ್ ಸಬ್ಜೆಕ್ಟ್' ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕುವವರು ಸಾಮಾನ್ಯವಾಗಿ ಅದನ್ನು ಓದಿದವರಲ್ಲ, ನಿಮ್ಮ ಹಾಗೆ ಆರಿಸಲು ಕೂತವರು.

ನಿಮ್ಮದೇ ಮುಖ್ಯ ವಿಷಯದ ಎಲೆಕ್ಟಿವ್ ಹಾಕಬೇಡಿ. ನಮ್ಮ ಕ್ಲಾಸಿನಲ್ಲೇ ಒಬ್ಬ ಹೇಗೂ ಓದುವುದೇ ತಾನೇ ಅಂತ ಇತಿಹಾಸದ ಓಇ ಹಾಕಿ, ಅದು ತಿರಸ್ಕಾರವಾಗಿ, ಕೊನೆಗೆ ಉಳಿದ ಪೇಪರಿಗೆ ಹೋಗಿ ಬಿದ್ದ.

ಬದಲಾಯಿಸಿಕೊಳ್ಳುವುದಾದರೆ ಮೊದಲ ವಾರದಲ್ಲೇ ಮಾಡಿ. ಅರ್ಜಿಯ ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅಷ್ಟಕ್ಕೇ ನಂಬಬೇಡಿ. ನಿಮ್ಮ ಲಾಗಿನ್‌ನಲ್ಲಿ, ನಿಮ್ಮ ಮೊಬೈಲಿನಲ್ಲಿ, ನೀವೇ ತೆರೆದು ವಿಷಯದ ಹೆಸರು ಬದಲಾಗಿದೆಯಾ ನೋಡುವವರೆಗೆ ಹಳೇ ಕ್ಲಾಸನ್ನು ಬಿಡಬೇಡಿ. ನಮ್ಮ ಕಾಲಕ್ಕೆ ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ ಇದೆಲ್ಲ ಕಾಣುತ್ತಿತ್ತು, ನೋಡಬೇಕು ಅಂತ ನನಗೆ ಅನ್ನಿಸಿರಲಿಲ್ಲ ಅಷ್ಟೇ. ಪಾಸ್‌ವರ್ಡ್ ಕೂಡ ಸೈಬರ್ ಅಂಗಡಿಯ ಡೈರಿಯಲ್ಲಿತ್ತು, ನನ್ನ ಹತ್ತಿರ ಇರಲಿಲ್ಲ. ಇಂಟರ್ನಲ್ ಅಂಕದ ಪಟ್ಟಿ ಮೇಲಕ್ಕೆ ಹೋಗುವ ಮುಂಚೆ ನೋಟಿಸ್ ಬೋರ್ಡಿಗೆ ಹಾಕಿದರೆ ನಿಮ್ಮ ಹೆಸರು ಪೆನ್ನಿನಲ್ಲೋ ಟೈಪಿನಲ್ಲೋ ಇದೆಯಾ ನೋಡಿ. ಪೆನ್ಸಿಲ್ ಆದರೆ ಅಲ್ಲೇ ನಿಂತು ಕೇಳಿ.

ಈಗ ಎನ್‌ಇಪಿ ಇಲ್ಲವಲ್ಲ, ನಮಗೇಕೆ ಇದು ಅನ್ನಬೇಡಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದು ಪಠ್ಯದ ಚೌಕಟ್ಟು ಬದಲಾಗಿದೆ ನಿಜ, ಆದರೆ ಅರ್ಜಿಯಲ್ಲಿ ವಿಷಯ ಆರಿಸುವುದು ಎಲ್ಲೂ ಹೋಗಿಲ್ಲ. ಇಂಜಿನಿಯರಿಂಗ್‌ನವರದೂ ಇದೇ ಪಾಡು. ನನ್ನ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುನ 2022ರ ಸ್ಕೀಮಿನವನು. ಮೊದಲ ವರ್ಷದಲ್ಲೇ ಎಮರ್ಜಿಂಗ್ ಟೆಕ್ನಾಲಜಿ ಅಂತ ಒಂದು ಪಟ್ಟಿಯಿಂದ ಆರಿಸಬೇಕಿತ್ತು: ಸೈಬರ್ ಸೆಕ್ಯುರಿಟಿ, ಇಂಟರ್ನೆಟ್ ಆಫ್ ಥಿಂಗ್ಸ್, ಗ್ರೀನ್ ಬಿಲ್ಡಿಂಗ್ಸ್, ನವೀಕರಿಸಬಹುದಾದ ಇಂಧನ ಹೀಗೆ. ಸೈಬರ್ ಸೆಕ್ಯುರಿಟಿ ಓದ್ತೀನಿ ಅಂತ ಊರಿಗೆಲ್ಲ ಹೇಳಿಕೊಂಡು ಹೋದ. ಅವನ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಪಟ್ಟಿಯ ಎರಡೇ ಎರಡು, ಅವೆರಡರಲ್ಲಿ ಅದಿರಲಿಲ್ಲ. ವಿಶ್ವವಿದ್ಯಾಲಯದ ಪಟ್ಟಿ ಬೇರೆ, ನಿಮ್ಮ ಕಾಲೇಜಿನ ಟೈಮ್‌ಟೇಬಲ್ ಬೇರೆ. ಸೀಟು ತಗೊಳ್ಳುವ ಮೊದಲೇ ಎರಡನೆಯದನ್ನು ಕೇಳಿ ನೋಡಿ.

ಹೋದ ವರ್ಷ ಪಕ್ಕದ ಮನೆ ಹುಡುಗಿಯ ಬಿಎ ಅರ್ಜಿಗೆ ನಾನೇ ಜೊತೆಗೆ ಹೋಗಿದ್ದೆ. ಅದೇ ಅಂಗಡಿ, ಅದೇ ಅಣ್ಣ, ಕೂದಲು ಸ್ವಲ್ಪ ಉದುರಿದೆ. ಮಾನಿಟರ್ ಈ ಕಡೆ ತಿರುಗಿಸಿ ಅಂದೆ. ವೈರು ಗಿಡ್ಡ ಇದೆ ಅಂದ. ಹಾಗಾದ್ರೆ ನಾವೇ ಒಳಗೆ ಬರ್ತೀವಿ ಅಂತ ಕೌಂಟರ್ ದಾಟಿ ಅವನ ಪಕ್ಕ ನಿಂತೆವು. ಹಿಂದಿನವರು ಗೊಣಗಿದರು. ಕೊನೆಗೆ ಸಬ್ಮಿಟ್ ಒತ್ತುವ ಮುಂಚೆ ಹುಡುಗಿ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಭಾಷೆಯ ಜಾಗದಲ್ಲಿ ಕನ್ನಡದ ಬದಲು ಸಂಸ್ಕೃತ ಅಂತ ಬಂದಿತ್ತು. "ಅಯ್ಯೋ, ಹಿಂದಿನ ಹುಡುಗಂದು ಹಂಗೇ ಉಳ್ಕೊಂಡಿದೆ" ಅಂತ ಅಣ್ಣ ತಿದ್ದಿದ.