ಎರೆ ಹೊಲಕ್ಕೂ ಚೋರ್ಲಾ ಘಾಟಿಗೂ ಒಂದೇ ಟೈರು: ಮೂರು ಸೆಟ್‌ಗಳ ಹೋಲಿಕೆ

ವಿಜಯಪುರದಲ್ಲಿ ಮನೆ, ಡೋಣಿ ನದಿಯ ಸಾಲಿನಲ್ಲಿ ಹೊಲ, ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಹತ್ತಿರ ಅಕ್ಕನ ಮನೆ. ಈ ಮೂರರ ನಡುವೆ ಓಡಾಡುವ ನನ್ನ ಫೋರ್‌ವೀಲ್ ಡ್ರೈವ್ ಜಿಮ್ನಿಗೆ ಎರಡೂವರೆ ವರ್ಷಗಳಲ್ಲಿ ಮೂರು ಬಗೆಯ ಟೈರುಗಳನ್ನು ಹಾಕಿ ನೋಡಿದ್ದೇನೆ. ಗಾಡಿಯೊಡನೆ ಬಂದ ಹೆದ್ದಾರಿ ಬಗೆಯ ಎಚ್.ಟಿ. ಟೈರುಗಳು 19,000 ಕಿ.ಮೀ. ಓಡಿದವು, ಆಮೇಲೆ ಹಾಕಿಸಿದ, ಲಘು ಟ್ರಕ್ಕುಗಳಿಗಾಗಿ ಕಟ್ಟಿದ ದಪ್ಪ ಪಕ್ಕೆಯ ಎಲ್.ಟಿ. ದರ್ಜೆಯ ಎ.ಟಿ. (ಆಲ್ ಟೆರೇನ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವ) ಟೈರುಗಳು 11,000 ಕಿ.ಮೀ. ಓಡಿದವು, ಈಗಿರುವ, ಕಾರು ದರ್ಜೆಯ ಹಗುರ ಎ.ಟಿ. ಟೈರುಗಳು ಇದುವರೆಗೆ 14,000 ಕಿ.ಮೀ. ಓಡಿವೆ. ಹೋಲಿಕೆ ಬಗೆಗಳದ್ದೇ ಹೊರತು ಕಂಪನಿಗಳದ್ದಲ್ಲ. ಹೀಗಾಗಿ ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲು ಅಳತೆಯ ಮಾತು. ಜಿಮ್ನಿಯ ಮೂಲ ಅಳತೆ 195/80 ಆರ್15. ಅಂದರೆ ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ 80, ರಿಮ್ 15 ಇಂಚು. ಒಟ್ಟು ವ್ಯಾಸ 693 ಮಿ.ಮೀ. ಉಳಿದ ಎರಡೂ ಸೆಟ್‌ಗಳು 215/75 ಆರ್15 ಅಳತೆಯವು. ಅವುಗಳ ವ್ಯಾಸ ಸುಮಾರು 704 ಮಿ.ಮೀ. ದೊಡ್ಡ ಟೈರು ಹಾಕಿಸಿದೆ ಎಂದು ಹಿಗ್ಗಿದವನಿಗೆ ಸಿಕ್ಕದ್ದು ನೆಲದಿಂದ ಐದು ಮಿಲಿಮೀಟರ್ ಎತ್ತರ, ಕಾಲು ಇಂಚೂ ಅಲ್ಲ. ಸ್ಪೀಡೋಮೀಟರ್ ಅದೇ ವೇಗ ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ ಶೇ ಒಂದೂವರೆಯಷ್ಟು ಹೆಚ್ಚಾಗುತ್ತದೆ. ಕಾರ್ಖಾನೆಯಿಂದ ಬರುವ ಮೀಟರುಗಳು ಹೇಗೂ ತುಸು ಹೆಚ್ಚೇ ತೋರಿಸುವುದರಿಂದ ಇದು ತೊಂದರೆಯಾಗಲಿಲ್ಲ. ತೊಂದರೆಯಾದದ್ದು ತೂಕ. ಹೊಲದ ಕಾಟಾದ ಮೇಲೆ ಇಟ್ಟು ತೂಗಿದಾಗ ರಿಮ್ ಇಲ್ಲದ ಎಚ್.ಟಿ. ಟೈರು ಸುಮಾರು 11 ಕಿಲೋ, ಹಗುರ ಎ.ಟಿ. 13 ಕಿಲೋ, ಎಲ್.ಟಿ. 17 ಕಿಲೋ ಬಂತು. ತಿರುಗುವ ಗಾಲಿಯಲ್ಲಿ ಕೂಡುವ ಆರು ಕಿಲೋ, ಡಿಕ್ಕಿಯಲ್ಲಿಟ್ಟ ಆರು ಕಿಲೋ ಸಾಮಾನಿನಂತಲ್ಲ. ಪ್ರತಿ ಸಲ ಗಾಡಿ ಎಬ್ಬಿಸುವಾಗ ಎಂಜಿನ್ನೂ ನಿಲ್ಲಿಸುವಾಗ ಬ್ರೇಕೂ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಮೇಲಾಗಿ ಐದನೆಯ ಗಾಲಿ, ಅಂದರೆ ಸ್ಟೆಪ್ನಿ, ತೂಗುವುದು ಹಿಂಬಾಗಿಲ ಕೀಲುಗಳ ಮೇಲೆ.

ಹಾಗಾದರೆ ಎಲ್.ಟಿ. ಯಾಕೆ ಕೊಂಡೆ? ನಿಜ ಹೇಳಬೇಕೆಂದರೆ ಚೆಂದ ಕಂಡಿತು. ಬೆಳಗಾವಿಯಲ್ಲಿ ಒಬ್ಬರು ಹೆಚ್ಚು ಓಡದ ಸೆಟ್ಟೊಂದನ್ನು ಮಾರುತ್ತಿದ್ದರು. ಹೊಸ ಹಗುರ ಎ.ಟಿ. ಬೆಲೆಗೇ ಅದು ಸಿಕ್ಕಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರದೇಶದ ಟೈರುಗಳು ಬೇಕಾದ ಅಳತೆಯಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಕ್ಕಾಗ ಬಿಡಬಾರದೆಂಬ ಆಸೆಯೂ ಜೊತೆಗೂಡಿತ್ತು. ಪಕ್ಕೆಯ ಮೇಲಿನ ಭಾರದ ಅಂಕಿಯನ್ನು ಆಗಲೇ ಓದಿದ್ದರೆ ಸಾಕಿತ್ತು. ಮೂಲ ಎಚ್.ಟಿ. ಟೈರಿನ ಮೇಲೆ 96 ಎಂದಿದೆ. ಅಂದರೆ ಒಂದು ಟೈರು 710 ಕಿಲೋ ಹೊರಬಲ್ಲದು, ನಾಲ್ಕು ಸೇರಿ 2,840 ಕಿಲೋ. ಗಾಡಿಯ ಸ್ವಂತ ತೂಕ ಸುಮಾರು 1,200 ಕಿಲೋ. ಹೊರುವ ಶಕ್ತಿಗಾಗಿ ಟ್ರಕ್ಕಿನ ಟೈರು ನನಗೆ ಯಾವ ದಿನವೂ ಬೇಕಿರಲಿಲ್ಲ.

ಡಾಂಬರಿನ ಮೇಲಿನ ತೀರ್ಪನ್ನು ಬೇಗ ಹೇಳಿಬಿಡಬಹುದು. ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಕೊಲ್ಹಾರದ ಸೇತುವೆ ದಾಟಿ ಹುಬ್ಬಳ್ಳಿಯ ಕಡೆ ಹೋಗುವಾಗ, ಎಚ್.ಟಿ. ಟೈರಿನ ಸದ್ದೇ ಇರಲಿಲ್ಲ. ಲೀಟರಿಗೆ 15 ಕಿ.ಮೀ. ಬರುತ್ತಿತ್ತು. ಹಗುರ ಎ.ಟಿ.ಯಲ್ಲಿ 80ರ ಮೇಲೆ ಸಣ್ಣ ಗುಂಯ್‌ಗುಡುವಿಕೆ ಇದೆ, 14 ಬರುತ್ತದೆ. ಎಲ್.ಟಿ.ಯಲ್ಲಿ 12.5ರ ಮೇಲೆ ಎಂದೂ ಬರಲಿಲ್ಲ. ಅದಕ್ಕಿಂತ ಬೇಸರವಾದದ್ದು ಅದರ ಗಡಸುತನ: ಭಾರವಾದ ಗಾಡಿಯ ಕೆಳಗೆ ಬಾಗಬೇಕಾದ ಪಕ್ಕೆ ಈ ಹಗುರ ಗಾಡಿಯ ಕೆಳಗೆ ಬಾಗುವುದೇ ಇಲ್ಲ, ಹೀಗಾಗಿ ಜಮಖಂಡಿ–ಮುಧೋಳದ ನಡುವೆ ಕಬ್ಬಿನ ಟ್ರ್ಯಾಕ್ಟರುಗಳು ತುಳಿದು ಅಲೆಯಾದ ರಸ್ತೆಯಲ್ಲಿ ಗಾಡಿ ಕುಣಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ನಮ್ಮ ತಾಯಿಯವರು ಲೋಕಾಪುರ ಬರುವಷ್ಟರಲ್ಲಿ ಇಳಿದು ಬಸ್ಸಿನಲ್ಲಿ ಬರುತ್ತೇನೆಂದರು.

ಇನ್ನು ಎರೆ. ನಮ್ಮ ಭಾಗದಲ್ಲಿ ಎ.ಟಿ. ಟೈರು ಕೊಳ್ಳುವ ಬಹುತೇಕರ ಮನಸ್ಸಿನಲ್ಲಿರುವುದು ಇದೇ, ನನ್ನ ಮನಸ್ಸಿನಲ್ಲಿದ್ದುದೂ ಇದೇ. ಆದ್ದರಿಂದ ಇದನ್ನು ತುಸು ಬಿಡಿಸಿ ಹೇಳುತ್ತೇನೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ನಾಡಿದು. ಆ ಜೋಳ ಕೊಡುವ ಮಣ್ಣಿನ ಗುಣವೇ ಗಾಲಿಯ ಶತ್ರು. ಕಪ್ಪು ಎರೆಯಲ್ಲಿರುವ ಮೊಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ, ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಹಿಂಗಾರಿ ಜೋಳಕ್ಕೆ ಅದು ವರ. ಟೈರಿಗೆ ಮಾತ್ರ ಅದು ಬೇರೆಯೇ ಮಾಡುತ್ತದೆ: ಬಟನ್‌ಗಳ, ಅಂದರೆ ಟೈರಿನ ತಳದ ರಬ್ಬರು ಗಡ್ಡೆಗಳ, ನಡುವಿನ ಸಂದಿಯಲ್ಲಿ ಹೊಕ್ಕ ಮಣ್ಣು ಹೊರಗೆ ಸಿಡಿಯುವುದಿಲ್ಲ, ಒಂದು ಸುತ್ತಿಗೆ ಸಂದಿ ತುಂಬುತ್ತದೆ, ಎರಡನೆಯ ಸುತ್ತಿಗೆ ಅದರ ಮೇಲೆ ಇನ್ನೊಂದು ಪದರ ಕೂಡುತ್ತದೆ, ಹತ್ತು ಮಾರು ಹೋಗುವುದರೊಳಗೆ ಎ.ಟಿ. ಟೈರೂ ಎಚ್.ಟಿ. ಟೈರೂ ಒಂದೇ ರೀತಿಯ ನುಣುಪಾದ ಕರಿ ಉಂಡೆಗಳಾಗಿರುತ್ತವೆ.

ಸೆಪ್ಟೆಂಬರಿನ ಒಂದು ಮಳೆಯ ಮಾರನೆಯ ದಿನ, ಎಲ್.ಟಿ. ಹಾಕಿಸಿದ ಹೊಸತರಲ್ಲಿ, ಮೇಲೆ ಒಣಗಿದಂತೆ ಕಂಡ ಬಂಡಿ ದಾರಿಯಲ್ಲಿ ಫೋರ್ ಲೋ, ಅಂದರೆ ನಾಲ್ಕೂ ಗಾಲಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು, ಹಾಕಿ ಇಳಿದೆ. ಮೇಲಿನ ಹೆಕ್ಕಳಿಕೆ ಒಣಗಿತ್ತು, ಅದರ ಕೆಳಗೆ ಬೆಣ್ಣೆಯಂಥ ಹಸಿ. ಸುಮಾರು ಮುನ್ನೂರು ಹೆಜ್ಜೆ ಹೋದ ಗಾಡಿ ಬದುವಿನ ಕಡೆ ತಾನೇ ಜಾರಿತು; ಜಾರುವ ಗಾಲಿಗೆ ಬ್ರೇಕ್ ಹಿಡಿದು ಇನ್ನೊಂದಕ್ಕೆ ಬಲ ಕಳಿಸುವ ವ್ಯವಸ್ಥೆ ಟಕಟಕ ಎಂದು ದುಡಿಯಿತು, ಆದರೆ ನಾಲ್ಕೂ ಗಾಲಿ ಜಾರುವಾಗ ಬಲವನ್ನು ಯಾರಿಗೆ ಕಳಿಸೀತು? ಎಳೆಯಲು ಟ್ರ್ಯಾಕ್ಟರ್ ತಂದ ಪಕ್ಕದ ಹೊಲದ ಹುಡುಗ ಹಗ್ಗ ಕಟ್ಟುತ್ತ, "ಎರಿ ಹಸಿ ಇದ್ದಾಗ ನಾವು ಎತ್ತ ಸುದ್ದಾ ಇಳಸಂಗಿಲ್ಲ ಕಾಕಾ," ಎಂದ. ಒಂದು ವರ್ಷದ ನಂತರ ಹಗುರ ಎ.ಟಿ.ಯಲ್ಲಿ, ಈ ಸಲ ಹಗ್ಗವನ್ನೂ ಹುಡುಗನನ್ನೂ ಮೊದಲೇ ಗೊತ್ತುಮಾಡಿಕೊಂಡು, ಅದೇ ದಾರಿಯಲ್ಲಿ ಮತ್ತೆ ಪರೀಕ್ಷೆ ಮಾಡಿದೆ. ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿತು. ಗೆಳೆಯರೊಬ್ಬರ ಗಾಡಿಯ ಎಂ.ಟಿ. ಟೈರು, ಅಂದರೆ ದೊಡ್ಡ ಬಟನ್, ಅಗಲ ಸಂದಿಯ ಕೆಸರಿನ ಟೈರು, ಸುಮಾರು ಎರಡರಷ್ಟು ದೂರ ಹೋಯಿತು. ಆಮೇಲೆ ಮಡ್‌ಗಾರ್ಡಿನ ಒಳಗೆಲ್ಲ ಮಣ್ಣು ತುಂಬಿ ಗಾಲಿ ತಿರುಗಲೇ ಇಲ್ಲ, ಕುರ್ಪಿಯಿಂದ ಕೆರೆದು ತೆಗೆಯಬೇಕಾಯಿತು. ಹಸಿ ಎರೆಯಲ್ಲಿ ಎಂ.ಟಿ. ಕೊಡುವುದು ಇನ್ನಷ್ಟು ದೂರದಲ್ಲಿ ಸಿಕ್ಕಿಬೀಳುವ ಅವಕಾಶವನ್ನು ಮಾತ್ರ. ಈಗ ಮಳೆಯಾದ ದಿನ ಗಾಡಿಯನ್ನು ಡಾಂಬರಿನ ಅಂಚಿಗೆ ನಿಲ್ಲಿಸಿ ನಡೆದು ಹೋಗುತ್ತೇನೆ.

ಖಾನಾಪುರದ ನೆಲ ಇದಕ್ಕೆ ಪೂರಾ ವಿರುದ್ಧ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲದಲ್ಲಿ ವಾರಗಟ್ಟಲೆ ಬಿಡದೆ ಸುರಿಯುತ್ತದೆ, ಆದರೆ ಅಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಕೆಳಗೆ ಗಟ್ಟಿ ತಳವಿದೆ; ಮೇಲಿನ ತೆಳು ರಾಡಿಯನ್ನು ಕತ್ತರಿಸಿ ಆ ತಳವನ್ನು ಮುಟ್ಟುವ ಅಂಚುಗಳು ಟೈರಿಗಿದ್ದರೆ ಸಾಕು, ಗಾಡಿ ಏರುತ್ತದೆ. ಅಕ್ಕನ ಮನೆಗೆ ಹೋಗುವ ಕಡೆಯ ಒಂದು ಕಿಲೋಮೀಟರ್ ಅಂಥದೇ ಏರು. ಎಚ್.ಟಿ.ಯಲ್ಲಿ ಅದನ್ನು ಎರಡು ಸಲ ಹಿಂದಕ್ಕೆ ಬಂದು ಮೂರನೆಯ ಸಲಕ್ಕೆ ಹತ್ತುತ್ತಿದ್ದೆ. ಎರಡೂ ಬಗೆಯ ಎ.ಟಿ.ಗಳು ಮೊದಲ ಯತ್ನಕ್ಕೇ, ಸದ್ದಿಲ್ಲದೆ ಹತ್ತಿದವು. ಎ.ಟಿ. ಟೈರಿಗೆ ಕೊಟ್ಟ ಹಣ ಸಾರ್ಥಕವಾಯಿತೆಂದು ನನಗೆ ಅನ್ನಿಸಿದ್ದು ಇಲ್ಲಿ. ಆದರೆ ಅದೇ ಮಳೆಯಲ್ಲಿ ಚೋರ್ಲಾ ಘಾಟಿಯ ಡಾಂಬರಿನ ತಿರುವುಗಳಲ್ಲಿ ಕ್ರಮ ತಲೆಕೆಳಗಾಗುತ್ತದೆ: ಒದ್ದೆ ಡಾಂಬರನ್ನು ಹಿಡಿಯುವುದು ದೊಡ್ಡ ಬಟನ್ ಅಲ್ಲ, ಬಟನ್ ಮೇಲೆ ಕೊರೆದ ಕೂದಲೆಳೆಯಂಥ ಸಣ್ಣ ಸೀಳುಗಳು ಮತ್ತು ಮೆದು ರಬ್ಬರು. ನನ್ನ ಎಲ್.ಟಿ. ಟೈರಿನಲ್ಲಿ ಸೀಳು ಕಡಿಮೆ, ರಬ್ಬರು ಗಡಸು. ಒಮ್ಮೆ ಎದುರಿಗೆ ಲಾರಿ ಬಂದಾಗ ಬ್ರೇಕ್ ಒತ್ತಿದ ಮೇಲೂ ಗಾಡಿ ನಾನೆಣಿಸಿದ್ದಕ್ಕಿಂತ ಒಂದು ಗಾಡಿಯುದ್ದ ಮುಂದೆ ಹೋಗಿ ನಿಂತಿತು. ಹಗುರ ಎ.ಟಿ. ಇಲ್ಲಿ ಎಚ್.ಟಿ.ಗೆ ಹತ್ತಿರವಾಗಿಯೇ ನಡೆದುಕೊಳ್ಳುತ್ತದೆ.

ಎಲ್.ಟಿ. ನಿಜವಾಗಿ ಗೆದ್ದದ್ದು ಬಾಗಲಕೋಟೆ ಜಿಲ್ಲೆಯ ಕಲ್ಲಿನಲ್ಲಿ. ಬಾದಾಮಿ–ಗುಳೇದಗುಡ್ಡದ ಮರಳುಗಲ್ಲಿನ ಗುಡ್ಡಗಳ ಬುಡದ ಬಂಡಿ ದಾರಿಗಳಲ್ಲಿ ಒಡೆದ ಕಲ್ಲಿನ ಚೂಪು ಅಂಚು ಟೈರಿನ ತಳವನ್ನಲ್ಲ, ಪಕ್ಕೆಯನ್ನು ಸೀಳುತ್ತದೆ. ತಳದ ತೂತನ್ನು ಪಂಚರ್ ಅಂಗಡಿಯವರು ಮುಚ್ಚುತ್ತಾರೆ, ಸೀಳಿದ ಪಕ್ಕೆಯನ್ನು ನಂಬಿ ಮತ್ತೆ ಹೆದ್ದಾರಿಗೆ ಇಳಿಯುವಂತಿಲ್ಲ. ನನ್ನ ಎಚ್.ಟಿ. ಟೈರೊಂದು ಹೋದದ್ದು ಹಾಗೆಯೇ. ಎಲ್.ಟಿ.ಯ ಪಕ್ಕೆಗೆ ಅದೇ ದಾರಿಗಳಲ್ಲಿ ಗೀರು ಬಿಟ್ಟು ಬೇರೇನೂ ಆಗಲಿಲ್ಲ. ಹಗುರ ಎ.ಟಿ.ಗೂ ಇದುವರೆಗೆ ಏನೂ ಆಗಿಲ್ಲ, ಆದರೆ ಅದರಲ್ಲಿ ನಾನು ಕಲ್ಲನ್ನು ನೋಡಿಕೊಂಡು ನಡೆಸುತ್ತೇನೆ. ವಾರಕ್ಕೆರಡು ಸಲ ಕ್ವಾರಿಗೆ ಹೋಗುವವರಿದ್ದರೆ ನನ್ನ ಮಾತು ಕೇಳದೆ ಎಲ್.ಟಿ.ಯನ್ನೇ ಕೊಳ್ಳಲಿ. ಬಳ್ಳಾರಿ ಜಾಲಿಯ ಮುಳ್ಳಿನ ಲೆಕ್ಕ ಹೀಗಿದೆ: ಎಚ್.ಟಿ.ಗೆ ಏಳು ಪಂಚರ್, ಹಗುರ ಎ.ಟಿ.ಗೆ ಎರಡು, ಎಲ್.ಟಿ.ಗೆ ಒಂದು.

ಗಾಳಿಯ ವಿಷಯವನ್ನು ಟೈರಿಗಿಂತ ಮೊದಲೇ ಕಲಿತಿದ್ದರೆ ಒಂದು ಸೆಟ್ಟಿನ ಹಣ ಉಳಿಯುತ್ತಿತ್ತು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಗಾಳಿ ಡಾಂಬರಿಗೆ. ಕಲ್ಲು, ಮುರುಮು, ಹಳ್ಳದ ಮರಳಿನಲ್ಲಿ ಅದನ್ನು ಇಳಿಸಿದರೆ ಟೈರು ಉದ್ದಕ್ಕೆ ಚಾಚಿಕೊಂಡು ನೆಲವನ್ನು ಹೆಚ್ಚು ಹಿಡಿಯುತ್ತದೆ, ಕಲ್ಲಿನ ಮೇಲೆ ಮಣಿಯುತ್ತದೆ. ಹಗುರ ಎ.ಟಿ.ಯಲ್ಲಿ 18 ಪಿ.ಎಸ್.ಐ.ಗೆ ಬರುವ ಮೆದುತನ ಎಲ್.ಟಿ.ಯಲ್ಲಿ 14ಕ್ಕೆ ಇಳಿಸಿದರೂ ಪೂರ್ತಿ ಬರಲಿಲ್ಲ. ಅದಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚುವ ಭಯ. ಡಾಂಬರಿಗೆ ಮರಳುವ ಮುನ್ನ ಗಾಳಿ ತುಂಬಲೇಬೇಕು, ಇಲ್ಲವಾದರೆ ಪಕ್ಕೆ ಕಾದು ಸಿಡಿಯಬಹುದು. ಗಾಡಿಯ 12 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸುವ ಸಾಹಸ ಬೇಡ.

ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ನೋಡಬೇಕು: ಮೊದಲೆರಡು ಟೈರು ತಯಾರಾದ ವಾರ, ಕಡೆಯೆರಡು ವರ್ಷ. ನನ್ನ ಎಲ್.ಟಿ. ಸೆಟ್ಟು ನಾನು ಅಂದುಕೊಂಡದ್ದಕ್ಕಿಂತ ಮೂರು ವರ್ಷ ಹಳೆಯದೆಂದು ತಿಳಿದದ್ದು ಹಣ ಎಣಿಸಿ ಕೊಟ್ಟ ಮೇಲೆ. ಆ ಗಡಸುತನದಲ್ಲಿ ವಯಸ್ಸಿನ ಪಾಲೂ ಇದ್ದಿರಬಹುದು, ಆದ್ದರಿಂದ ಒದ್ದೆ ಡಾಂಬರಿನ ಮೇಲಿನ ತೀರ್ಪನ್ನು ಎಲ್ಲ ಎಲ್.ಟಿ. ಟೈರುಗಳಿಗೂ ಹಚ್ಚಬಾರದು.

ಈಗಿನ ಹಗುರ ಎ.ಟಿ. ಸೆಟ್ಟಿನಲ್ಲಿ ಐದನೆಯ ಗಾಲಿಯನ್ನೂ ಸೇರಿಸಿ 8,000 ಕಿ.ಮೀ.ಗೊಮ್ಮೆ ಜಾಗ ಬದಲಿಸುತ್ತಿದ್ದೇನೆ. ಹೊಸದರಲ್ಲಿ ಒಂಬತ್ತೂವರೆ ಮಿ.ಮೀ. ಇದ್ದ ಬಟನ್ ಆಳ ಈಗ ಏಳೂವರೆಯ ಹತ್ತಿರ ಇದೆ. ಕಾನೂನಿನ ಮಿತಿ 1.6 ಮಿ.ಮೀ. ಆದರೂ ಜಾಂಬೋಟಿಯ ಏರಿಗೆ ನಾಲ್ಕಕ್ಕಿಂತ ಕೆಳಗೆ ಇಳಿದ ಟೈರನ್ನು ನಾನು ನಂಬಲಾರೆ. ಈ ಸವೆತದ ಲೆಕ್ಕದಲ್ಲಿ ಇನ್ನೂ ಸುಮಾರು 24,000 ಕಿ.ಮೀ. ಓಡಬೇಕು, ಆಮೇಲೆ ಇದೇ ಬಗೆಯನ್ನು, ಪ್ರಾಯಶಃ ಮೂಲ 195 ಅಗಲದಲ್ಲೇ, ಮತ್ತೆ ಹಾಕಿಸುತ್ತೇನೆ.