ಖೋ ಖೋ ತಂಡದ ಫಲಕಕ್ಕೆ ಕಬಡ್ಡಿ ಚಿತ್ರ!

ನಮ್ಮ ಹೈಸ್ಕೂಲಿನ ಹಳೆಯ ಆಟಗಾರರಿಗೆ ಸನ್ಮಾನ ಮಾಡೋಣ ಅಂತ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ದುಡ್ಡು ಹಾಕಿದೆವು. ಫಲಕ ಮಾಡಿಸಿದ್ದು ಬಸ್ ಸ್ಟ್ಯಾಂಡ್ ಹಿಂದಿನ ಒಂದು ಟ್ರೋಫಿ ಅಂಗಡಿಯಲ್ಲಿ. ಹೆಸರು ಬೇಡ ಬಿಡಿ.

ನಾನು ಹಿತ್ತಾಳೆ ಫಲಕ ಕೇಳಿದ್ದೆ. ತಮ್ಮಲ್ಲಿರೋದು ಕಾರ್ಬನ್ ಡೈಆಕ್ಸೈಡ್ ಲೇಸರ್, ಅದು ಲೇಪನವಿಲ್ಲದ ಹಿತ್ತಾಳೆ ಮೇಲೆ ಅಕ್ಷರ ಕೊರೆಯಲ್ಲ, ಫೈಬರ್ ಲೇಸರ್ ಬೇಕು ಅಂತ ಅವರು ನೇರವಾಗಿ ಹೇಳಿಬಿಟ್ಟರು. ಇದು ಇಷ್ಟವಾಯಿತು. ಕೊನೆಗೆ ಅಕ್ರಿಲಿಕ್‌ಗೆ ಮರದ ಚೌಕಟ್ಟು ಹಾಕಿಸಿದೆವು. ಕೊರೆತ ನಿಜಕ್ಕೂ ನೀಟಾಗಿದೆ.

ತಲೆನೋವು ಶುರುವಾಗಿದ್ದು ಕನ್ನಡದಲ್ಲಿ. ನಾವು ವಾಟ್ಸಾಪ್‌ನಲ್ಲಿ ಹೆಸರು ಕಳಿಸಿದ್ದು ಯೂನಿಕೋಡ್‌ನಲ್ಲಿ, ಅವರ ಡಿಸೈನರ್ ಹುಡುಗ ಕೆಲಸ ಮಾಡೋದು ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ, ಒಂದಕ್ಕೊಂದು ಹೊಂದಲ್ಲ, ಹಾಗಾಗಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿ ಒತ್ತಕ್ಷರಗಳನ್ನೆಲ್ಲ ನುಂಗಿಹಾಕಿದ್ದ. ಲಕ್ಷ್ಮಿ ಹೋಗಿ ಲಕ್ಷಿ! ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಖೋ ಖೋ ತಂಡದ ಫಲಕದಲ್ಲಿ ಕಬಡ್ಡಿ ಚಿತ್ರ ನೋಡಿ. "ಎರಡೂ ಒಂದೇ ಅಲ್ವಾ ಸಾರ್?" ಅಂದ. ಅಲ್ಲಪ್ಪಾ, ಖೋ ಖೋದಲ್ಲಿ 8 ಜನ ಸಾಲಾಗಿ ಕೂತು 9ನೆಯವರು ಓಡಿಸಿಕೊಂಡು ಹೋಗ್ತಾರೆ, ಕಬಡ್ಡಿಯಲ್ಲಿ ಅಂಕಣದಲ್ಲಿರೋದೇ ತಂಡಕ್ಕೆ 7 ಜನ, ಅಂತ ಅಂಗಡಿಯಲ್ಲೇ ಪಾಠ ಮಾಡಿದೆ.

ಆದರೂ ಸುಮ್ನೆ ಬೈಯಲ್ಲ. ದುಡ್ಡು ಕೇಳದೆ ಹೊಸದು ಮಾಡಿಕೊಟ್ಟರು. ಕೈಗೆ ಸಿಕ್ಕಿದ್ದು ಮಾತ್ರ ಕಾರ್ಯಕ್ರಮದ ಹಿಂದಿನ ರಾತ್ರಿ. ಐದಕ್ಕೆ ಮೂರು ಸ್ಟಾರ್. ನೀವು ಹೋದರೆ ಹೆಸರುಗಳನ್ನು ಪಿಡಿಎಫ್ ಮಾಡಿ ಕೊಡಿ, ಕೊರೆಯುವ ಮುಂಚೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ ನೋಡಿ.