ಫ್ಲೈ ತಲೆಗೆ ಉಗುರುಬಣ್ಣ: ಸ್ಯಾಲಿ ಹ್ಯಾನ್ಸೆನ್ ಹಾರ್ಡ್ ಆಸ್ ನೇಲ್ಸ್, ಮೂರು ವರ್ಷ ಬಳಸಿದ ಮೇಲೆ

ಪೆನ್ಸಿಲ್ವೇನಿಯಾದ ಸಸ್ಕ್ವಹಾನಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯುವವರ ಪೆಟ್ಟಿಗೆಯಲ್ಲಿ ಕ್ಲೌಸರ್ ಮಿನ್ನೋ ಇದ್ದೇ ಇರುತ್ತದೆ. ಬಾಬ್ ಕ್ಲೌಸರ್ ಇದೇ ನದಿಯ ಬಾಸ್‌ಗೆಂದು 1980ರ ದಶಕದಲ್ಲಿ ಕಟ್ಟಿದ ಫ್ಲೈ, ಅಂದರೆ ಮೀನಿಗೆ ಒಡ್ಡುವ ಹುಸಿ ಎರೆ, ಅದು. ಕೊಕ್ಕೆಯ ಮೇಲೆ ಡಂಬೆಲ್ ಆಕಾರದ ಸೀಸದ ಕಣ್ಣು, ಜೊತೆಗೆ ಜಿಂಕೆಬಾಲದ ಕೂದಲು. ಅಷ್ಟನ್ನೂ ಹಿಡಿದಿಡುವುದು ಒಂದೆಳೆ ದಾರ. ಕೊಕ್ಕೆಯ ಮುಂತುದಿಯಲ್ಲಿ ಆ ದಾರ ಸುತ್ತಿದ ಭಾಗವೇ ಫ್ಲೈಯ ತಲೆ. ಆ ಸುತ್ತು ಬಿಚ್ಚದಂತೆ ಹಚ್ಚುವ ವಾರ್ನಿಷ್ಷೇ ಹೆಡ್ ಸಿಮೆಂಟ್. ನದಿಯ ತಳ ಪೂರ್ತಿ ಬಂಡೆ. ಸಿಮೆಂಟ್ ದಾರದೊಳಗೆ ಇಳಿಯದಿದ್ದರೆ ಒಂದೇ ಬೆಳಗ್ಗೆಯಲ್ಲಿ ಕಣ್ಣು ವಾಲಿ, ಫ್ಲೈ ನೀರಲ್ಲಿ ಅಡ್ಡಡ್ಡ ತಿರುಗುತ್ತದೆ.

ನಾನು ಬಳಸುವುದು ಔಷಧಿ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಹಾರ್ಡ್ ಆಸ್ ನೇಲ್ಸ್. ಇಲ್ಲಿ ಫ್ಲೈ ಕಟ್ಟುವವರಲ್ಲಿ ಬಹಳ ಜನ ಇದನ್ನೇ ಇಟ್ಟುಕೊಂಡಿರುತ್ತಾರೆ. ಅಗ್ಗ, ಗಟ್ಟಿ, ಗಾಜಿನಂಥ ಹೊಳಪು, ಮುಚ್ಚಳದಲ್ಲೇ ಕುಂಚ. ಆದರೆ ತಿಂಗಳೊಪ್ಪತ್ತು ತೆರೆದು ಮುಚ್ಚಿ ಮಾಡಿದರೆ ಒಳಗಿನ ದ್ರಾವಕ ಹಾರಿ ಮಂದವಾಗುತ್ತದೆ. ಕುಂಚ ಎತ್ತಿದರೆ ಒಂದೆಳೆ ಪಾಕದ ಹಾಗೆ ನೂಲು ಬರುತ್ತದೆ. ಆ ಹದದಲ್ಲಿ ಹಚ್ಚಿದರೆ ಮೇಲೆ ಚೆಂದ ಕಾಣುತ್ತದೆ, ಒಳಗಿನ ದಾರ ಮಾತ್ರ ಒಣಗೇ ಇರುತ್ತದೆ.

ಮೊದಲ ವರ್ಷದ ಜುಲೈನಲ್ಲಿ ಅದನ್ನು ತೆಳು ಮಾಡಲು ಶುದ್ಧ ಅಸಿಟೋನ್ ಬೆರೆಸಿದೆ. ಹೊರಗೆ ಮಳೆ, ಕಿಟಕಿ ತೆರೆದಿತ್ತು. ಹದಿನೈದು ಕ್ಲೌಸರ್ ಕಟ್ಟಿ ಸಾಲಾಗಿ ಇಟ್ಟೆ. ನೋಡನೋಡುತ್ತಿದ್ದಂತೆ ಕಪ್ಪು ದಾರದ ತಲೆಗಳ ಮೇಲೆಲ್ಲ ಹಾಲಿನ ಕೆನೆಯಂಥ ಬಿಳಿ ಪೊರೆ. ಅಷ್ಟೂ ಕೆಲಸ ಹಾಳಾಯಿತೆಂದು ಅಳು ಬಂದಿತ್ತು.

ಮೈಸೂರಿನಲ್ಲಿರುವ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅವರು ನಲವತ್ತು ವರ್ಷ ಮರಕ್ಕೆ ಪಾಲಿಶ್ ಹೊಡೆದವರು. ಫೋಟೋ ನೋಡಿದ ಕೂಡಲೇ, "ಪುಟ್ಟಿ, ಮಳೇಲಿ ಲ್ಯಾಕರ್ ಹೊಡೆದ್ರೆ ಹಿಂಗೇ ಬೆಳ್ಳಗಾಗೋದು. ಬೇಗ ಆರೋ ಥಿನ್ನರ್ ಬಿಡು, ನಿಧಾನಕ್ಕೆ ಆರೋದು ಹಾಕು" ಅಂದರು.

ಅವರ ಮಾತು ನೂರಕ್ಕೆ ನೂರು ನಿಜ. ಉಗುರುಬಣ್ಣವೂ ಮರಗೆಲಸದ ಎನ್‌ಸಿ ಲ್ಯಾಕರೂ ಒಂದೇ ಮನೆತನ. ಎರಡರಲ್ಲೂ ಇರುವುದು ನೈಟ್ರೋಸೆಲ್ಯುಲೋಸ್. ಅಸಿಟೋನ್ 56 ಡಿಗ್ರಿಗೇ ಕುದಿಯುವ ವಸ್ತು. ಅದು ಸರ್ರನೆ ಹಾರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಹನಿಗಟ್ಟಿ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯುಟೈಲ್ ಅಸಿಟೇಟ್ ಕುದಿಯಲು ಸುಮಾರು 126 ಡಿಗ್ರಿ ಬೇಕು, ಹಾಗಾಗಿ ನಿಧಾನವಾಗಿ ಆರುತ್ತದೆ. ಉಗುರುಬಣ್ಣಕ್ಕೆಂದೇ ಮಾರುವ ಥಿನ್ನರ್‌ನಲ್ಲಿ ಅದೂ ಈಥೈಲ್ ಅಸಿಟೇಟೂ ಇರುತ್ತವೆ. ತರಬೇಕಾದದ್ದು ಅದನ್ನೇ. ರಿಮೂವರ್ ಬಾಟಲಿ ಮಾತ್ರ ತರಬೇಡಿ, ಹಲವದರಲ್ಲಿ ನೀರು, ಎಣ್ಣೆಯಂಶ, ಸುವಾಸನೆ ಸೇರಿರುತ್ತದೆ.

ಈಗ ನಾನು ಎರಡು ಬಾಟಲಿ ಇಟ್ಟಿದ್ದೇನೆ. ಒಂದರಲ್ಲಿ ಗಂಜಿ ತಿಳಿಯಷ್ಟು ತೆಳು. ಥಿನ್ನರನ್ನು ಎರಡೆರಡೇ ಹನಿ ಹಾಕಿ, ಅಲ್ಲಾಡಿಸದೆ, ಕಡಗೋಲು ತಿರುಗಿಸುವ ಹಾಗೆ ಅಂಗೈಗಳ ನಡುವೆ ಉರುಳಿಸುತ್ತೇನೆ, ಅಲ್ಲಾಡಿಸಿದರೆ ಗುಳ್ಳೆ. ದಬ್ಬಳದ ತುದಿಯಿಂದ ಒಂದು ಹನಿ ಸೀಸದ ಕಣ್ಣಿನ ಬುಡಕ್ಕೆ, ಇನ್ನೊಂದು ತಲೆಗೆ. ಹನಿ ತಾಗಿದೊಡನೆ ದಾರದ ಬಣ್ಣ ಗಾಢವಾಗುತ್ತದೆ, ಸುತ್ತುಗಳ ನಡುವಿನ ಗೆರೆಗಳು ಒಂದೊಂದಾಗಿ ಒದ್ದೆಯಾಗುತ್ತ ಹೋಗುತ್ತವೆ. ಸಿಮೆಂಟ್ ಒಳಗಿಳಿಯಿತು ಅನ್ನುವುದಕ್ಕೆ ಅದೇ ಗುರುತು. ಒಣಗಿದ ಮೇಲೆ ಮಂದ ಬಾಟಲಿಯಿಂದ ಹೊಳಪಿನ ಕೈ. ಕೊಕ್ಕೆಯ ತೂತು ಕಟ್ಟಿಕೊಂಡರೆ ಒಣಗುವ ಮುಂಚೆಯೇ ಒಂದು ಹಳೆಯ ಗರಿಯನ್ನು ತೂರಿಸಿ ಎಳೆಯಿರಿ; ನದಿಯ ನಡುವೆ ನಿಂತು, ಚಳಿಗೆ ಮರಗಟ್ಟಿದ ಬೆರಳಲ್ಲಿ ಬಿಡಿಸುವುದು ಬಲು ಕಷ್ಟ.

ವಾಸನೆ ತಲೆಗೆ ಏರುತ್ತದೆ, ಬೆಂಕಿಗೂ ಬೇಗ ಹತ್ತುತ್ತದೆ. ಒಲೆಯಿಂದ ದೂರ, ಗಾಳಿಯಾಡುವ ಕಡೆ ಕೂತು ಹಚ್ಚಿ. ಮನೆಯಲ್ಲಿ ಕೂಸಿದ್ದರೆ ನೀರೇ ದ್ರಾವಕವಾಗಿರುವ ಹೆಡ್ ಸಿಮೆಂಟೇ ಒಳ್ಳೆಯದು. ಆರಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೇ. ಉಳಿದವರಿಗೆ ಹಾರ್ಡ್ ಆಸ್ ನೇಲ್ಸನ್ನು ಕಣ್ಣುಮುಚ್ಚಿ ಹೇಳುತ್ತೇನೆ, ಜೊತೆಗೆ ಥಿನ್ನರ್ ತಂದರೆ ಮಾತ್ರ. ಬಾಟಲಿಯ ಕತ್ತಿಗೆ ಚೂರು ವ್ಯಾಸಲಿನ್ ಸವರಿಡಿ, ಮುಚ್ಚಳ ಅಂಟಿಕೊಳ್ಳುವುದಿಲ್ಲ.